ಐದು ಖಾನೆಯ ಡಬ್ಬಿ

ಹೋದ ತಿಂಗಳು ಮಗಳು ಆನ್‌ಲೈನ್‌ನಲ್ಲಿ ನನಗೊಂದು ಊಟದ ಡಬ್ಬಿ ತರಿಸಿದಳು. ಐದು ಖಾನೆ. "ನೋಡಪ್ಪಾ, ಒಂದಕ್ಕೊಂದು ಕೂಡಂಗಿಲ್ಲ" ಅಂದಳು.

ಅಲ್ಲ, ಕೂಡಬಾರದು ಅಂತ ಯಾರು ಹೇಳಿದ್ದು? ನಮ್ಮ ವಿಜಯಪುರದ ಊಟದ ರುಚಿ ಇರುವುದೇ ಕೂಡುವುದರಲ್ಲಿ. ಎಣ್ಣೆಗಾಯಿಯ ಎಣ್ಣೆ ರೊಟ್ಟಿಗೆ ಇಳಿಯಬೇಕು. ಶೇಂಗಾ ಚಟ್ನಿ ಗಟ್ಟಿ ಮೊಸರಿನಲ್ಲಿ ಕಲಸಿಕೊಳ್ಳಬೇಕು. ಈ ಡಬ್ಬಿಯಲ್ಲಿ ಎಲ್ಲವೂ ಪರೀಕ್ಷೆಗೆ ಕೂತ ಹುಡುಗರ ಹಾಗೆ ದೂರ ದೂರ.

ರೊಟ್ಟಿಯ ಕಥೆಯಂತೂ ಕೇಳಬೇಡಿ. ದೊಡ್ಡ ಖಾನೆಯೇ ಅಂಗೈ ಅಗಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಇಲ್ಲ. ಬಿಸಿ ರೊಟ್ಟಿಯನ್ನು ಹೇಗೋ ಮಡಚಬಹುದು, ಆರಿದ ಮೇಲೆ ಬಿರಿಯುತ್ತದೆ. ಕಡಕ್ ರೊಟ್ಟಿಯಾದರೆ ಮಡಚುವ ಮಾತೇ ಇಲ್ಲ, ಮುರಿದೇ ತುಂಬಬೇಕು. ಮಧ್ಯಾಹ್ನ ಮುಚ್ಚಳ ತೆಗೆದರೆ ಬರೀ ಚೂರು. ಪಕ್ಕದ ಟೇಬಲ್ಲಿನವರು "ಏನ್ರಿ ಸರ್, ಇವತ್ತೂ ಚಿಪ್ಸ್ ತಂದೀರಿ?" ಅಂತಾರೆ.

ಐದನೇ ಖಾನೆ ಯಾತಕ್ಕೆ ಅಂತ ಇನ್ನೂ ತಿಳಿದಿಲ್ಲ. ಸದ್ಯಕ್ಕೆ ಎರಡು ಹಸಿಮೆಣಸಿನಕಾಯಿ ಸೊಂಟ ಮುರಿದುಕೊಂಡು ಮಲಗಿರುತ್ತವೆ. ಇಷ್ಟೆಲ್ಲ ಮಾಡಿಯೂ ಮೊಸರು ಮಾತ್ರ ಗೋಡೆ ಹಾರಿ ಪಲ್ಯಕ್ಕೆ ಬಂದೇ ಬರುತ್ತದೆ! ತೊಳೆಯುವಾಗ ಮೂಲೆ ಮೂಲೆಯ ಜಿಡ್ಡು ಬೇರೆ.

ನಮ್ಮವ್ವ ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದಳು. ರೊಟ್ಟಿ ಮೇಲೆ ಪಲ್ಯ, ಪಲ್ಯದ ಮೇಲೆ ಚಟ್ನಿ, ಬಟ್ಟೆಯಲ್ಲಿ ಒಂದು ಗಂಟು. ಬದುವಿನ ಮೇಲೆ ಕೂತು ಬಿಚ್ಚಿದರೆ ಆಯಿತು.

ಮಗಳು ಭಾನುವಾರ ಹಾಸ್ಟೆಲ್ಲಿಗೆ ವಾಪಸ್ ಹೋಗುತ್ತಾಳೆ. ಸೋಮವಾರಕ್ಕೆ ಒಂದು ಹಳೇ ಬಟ್ಟೆ ಒಗೆದು ಇಟ್ಟಿದ್ದೇನೆ.