ಡಿ ಡ್ರೈವಿನಲ್ಲಿದ್ದ ಪೂರ್ವಜರು

ಸೀದ ವಾಸನೆ ಮೂಗಿಗೆ ಬಡಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆಯತ್ತ ತಿರುಗಿ, "ಒಗ್ಗರಣೆ ಸೀಯುತ್ತಿದೆ, ನೋಡೇ" ಎಂದು ಕೂಗಿದ್ದು. ಹೆಂಡತಿ ಬಾಗಿಲಿಗೆ ಬಂದು, ಒಲೆಯನ್ನು ಇನ್ನೂ ಹಚ್ಚಿಯೇ ಇಲ್ಲ ಎಂದಳು. ಅದೇ ಗಳಿಗೆಗೆ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ 'ಟಪ್' ಎಂದು ಸದ್ದಾಗಿ ಪರದೆ ಕಪ್ಪಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಸಾರು ತಳ ಹಿಡಿದರೂ ಆ ವಿಷಯ ಎತ್ತುವ ಹಕ್ಕು ನನಗಿಲ್ಲ.

ಮೃತ ಕಂಪ್ಯೂಟರು 2006ರದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೊಂದು ಭಾಗವನ್ನು ಒಂದೊಂದು ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದು ಜೋಡಿಸಿದ್ದು. ನಾವೆಲ್ಲ ಲ್ಯಾಪ್‌ಟಾಪು, ಮೊಬೈಲು ಎಂದು ದಾಟಿಹೋದ ಮೇಲೆ ಅದು ಅಪ್ಪನ ಪಾಲಿಗೆ ಬಂದಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಅಪ್ಪ, ನಾಲ್ಕು ವರ್ಷ, ಒಂದೇ ಬೆರಳಿನಲ್ಲಿ, ನುಡಿ ತಂತ್ರಾಂಶದಲ್ಲಿ ನಮ್ಮ ಮನೆತನದ ಚರಿತ್ರೆಯನ್ನು ಟೈಪು ಮಾಡಿದ್ದರು. ಒಟ್ಟು 212 ಪುಟ. ಯಾರು ಯಾವ ಊರಿನಿಂದ ಹೆಣ್ಣು ತಂದರು, ಯಾರು ಯಾರ ಮೇಲೆ ಹೊಲದ ಬದುವಿಗಾಗಿ ದಾವೆ ಹೂಡಿದರು ಎಂಬುದೆಲ್ಲ ಅದರಲ್ಲಿತ್ತು. ಹೆಚ್ಚಿನ ಪುಟಗಳು ದಾವೆಯವೇ.

ಸುದ್ದಿ ತಿಳಿದವರೆಲ್ಲ ಫೋನು ಮಾಡಿದರು. ಎಲ್ಲರದೂ ಒಂದೇ ಪ್ರಶ್ನೆ: "ಬ್ಯಾಕಪ್ ಇರಲಿಲ್ಲವೇ?" ಸಾವಿನ ಮನೆಗೆ ಬಂದು, ಮೊದಲೇ ದೊಡ್ಡ ಆಸ್ಪತ್ರೆಗೆ ಸೇರಿಸಬಹುದಿತ್ತು ಎನ್ನುವವರ ಧಾಟಿ. ಅಪ್ಪ ಮಾತ್ರ ನಿಶ್ಚಿಂತರಾಗಿದ್ದರು. "ಬ್ಯಾಕಪ್ ಇದೆಯಲ್ಲ! ನೀನೇ ಮಾಡಿಕೊಟ್ಟಿದ್ದೆಯಲ್ಲ, ಡಿ ಡ್ರೈವಿನಲ್ಲಿ."

ಹೌದು, ನಾನೇ ಮಾಡಿಕೊಟ್ಟಿದ್ದೆ. ಸಿ ಡ್ರೈವಿನಲ್ಲಿ ಚರಿತ್ರೆ, ಡಿ ಡ್ರೈವಿನಲ್ಲಿ ಅದರ ನಕಲು. ಸಿ ಮತ್ತು ಡಿ ಎರಡೂ ಒಂದೇ 80 ಜಿಬಿ ಹಾರ್ಡ್ ಡಿಸ್ಕಿನ ಎರಡು ಕೋಣೆಗಳು ಎಂದು ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಬೀರುವಿನ ಇನ್ನೊಂದು ಬೀಗದ ಕೈಯನ್ನು ಅದೇ ಬೀರುವಿನೊಳಗೆ ಇಟ್ಟು ಬೀಗ ಹಾಕಿದಂತಾಗಿತ್ತು.

ಕಚೇರಿಯಲ್ಲೊಬ್ಬರು ಗುಟ್ಟಾಗಿ ಮದ್ದು ಹೇಳಿದರು: ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಡಿ. ಹಳೆಯ ಡಿಸ್ಕುಗಳಲ್ಲಿ ಕಚ್ಚಿಕೊಂಡ ಭಾಗಗಳು ತಣ್ಣಗಾದಾಗ ಕುಗ್ಗಿ ಬಿಡಿಸಿಕೊಳ್ಳುತ್ತವೆ ಎಂಬುದು ಈ ಮದ್ದಿನ ಹಿಂದಿನ ನಂಬಿಕೆ. ನಮ್ಮ ಡಿಸ್ಕು ಕಚ್ಚಿಕೊಂಡಿದೆಯೋ ಇಲ್ಲವೋ ನೋಡದೆ ನಾನು ಅದನ್ನು ಹಸಿ ಬಟಾಣಿಯ ಪಕ್ಕದಲ್ಲಿ ಮಲಗಿಸಿದೆ. ಹತ್ತು ನಿಮಿಷದಲ್ಲಿ ಅಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮುಂದಿಟ್ಟರು. "ಕಬ್ಬಿಣದ ಸಾಮಾನಿಗೆಲ್ಲ ನನ್ನ ಫ್ರಿಜ್ಜಿನಲ್ಲಿ ಜಾಗವಿಲ್ಲ." 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕು ಫ್ರಿಜ್ಜಿಗಿಂತಲೂ ದೊಡ್ಡದಾಗಿತ್ತು, ಅದರೊಳಗೆ ಐವತ್ತು ತಟ್ಟೆಗಳಿದ್ದವು, ಅಷ್ಟಾಗಿಯೂ ಐವತ್ತು ಲಕ್ಷ ಅಕ್ಷರಗಳಷ್ಟೇ ಹಿಡಿಯುತ್ತಿತ್ತು ಎಂದು ನಾನು ಚರಿತ್ರೆಯ ಮೊರೆಹೊಕ್ಕೆ. "ಹಾಗಾದರೆ ಆಗ ಫ್ರಿಜ್ಜನ್ನೇ ಅದರೊಳಗೆ ಇಡುತ್ತಿದ್ದರೇನು?" ಎಂದು ಅಮ್ಮ ಬಟಾಣಿಯನ್ನು ಸರಿಯಾಗಿ ಜೋಡಿಸಲು ಹೋದರು. ಆಮೇಲೆ ಓದಿ ತಿಳಿದೆ: ಹೊರತೆಗೆದಾಗ ತಟ್ಟೆಯ ಮೇಲೆ ಇಬ್ಬನಿ ಕಟ್ಟಿದರೆ ಕತೆ ಮುಗಿಯಿತು. ಓದುವ ಮುಳ್ಳು ತಿರುಗುವ ತಟ್ಟೆಗೆ ತಾಗದೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆಯಂತೆ. ನಮ್ಮ ಪೂರ್ವಜರನ್ನು ಕಾಪಾಡಿದ್ದು ಅಮ್ಮನ ಮಡಿ.

ಕೊನೆಗೆ ಎಸ್.ಪಿ. ರಸ್ತೆಯೇ ಗತಿಯಾಯಿತು. ಮೊದಲ ಸಲ ಹೋದದ್ದು ಭಾನುವಾರ, ಬಹುಪಾಲು ಅಂಗಡಿಗಳ ಬಾಗಿಲು ಮುಚ್ಚಿತ್ತು. ಎರಡನೆಯ ಸಲ ಇಕ್ಕಟ್ಟಾದ ಅಂಗಡಿಯೊಂದರಲ್ಲಿ ಮೀಸೆ ಸರಿಯಾಗಿ ಮೂಡದ ಹುಡುಗನೊಬ್ಬ ಪೆಟ್ಟಿಗೆ ಬಿಚ್ಚಿ, ಮೂಸಿ, "ಸಾರ್, ಸತ್ತಿರುವುದು ಎಸ್‌ಎಂಪಿಎಸ್, ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಡಬ್ಬಿ. ಡಿಸ್ಕಿಗೆ ಏನೂ ಆದಂತಿಲ್ಲ" ಎಂದ. ಮನೆಗೆ ಕರೆಂಟು ತರುವ ಫ್ಯೂಸು ಹೋಗಿತ್ತು, ನಾವು ಒಳಗಿದ್ದವರೆಲ್ಲ ಸತ್ತರೆಂದು ಅಳುತ್ತಿದ್ದೆವು. ಡಿಸ್ಕನ್ನು ಯುಎಸ್‌ಬಿಗೆ ಸೇರಿಸುವ ಕೇಬಲ್ಲು ಕೊಂಡು ಸಂಭ್ರಮದಿಂದ ಮನೆಗೆ ಬಂದೆ. ಅದು ಹೊಸ ಕಾಲದ ಸಾಟಾ ಕೇಬಲ್ಲು. ನಮ್ಮದು ನಲವತ್ತು ಪಿನ್ನುಗಳ, ಅಗಲ ಪಟ್ಟಿಯ ಐಡಿಇ ಡಿಸ್ಕು. ಅಂಗಡಿಯಲ್ಲಿ ನೋಡಿಕೊಳ್ಳುವ ಕೆಲಸ ಯಾರದ್ದಾಗಿತ್ತು ಎಂಬ ಚರ್ಚೆ ಬೇಡ.

ಮೂರನೆಯ ಸಲ ತಂದದ್ದು ಎರಡಕ್ಕೂ ಹೊಂದುವ ಅಡಾಪ್ಟರು. ಜೊತೆಗೆ ಅದರದೇ ಹನ್ನೆರಡು ವೋಲ್ಟಿನ ವಿದ್ಯುತ್ ಪೆಟ್ಟಿಗೆಯೂ ಇತ್ತು, ದೊಡ್ಡ ಡಿಸ್ಕಿಗೆ ಯುಎಸ್‌ಬಿಯ ಐದು ವೋಲ್ಟು ಊಟ ಸಾಲುವುದಿಲ್ಲ. ಸ್ವಿಚ್ಚು ಒತ್ತಿದಾಗ 'ಗುಂಯ್' ಎಂದು ತಟ್ಟೆ ತಿರುಗತೊಡಗಿತು. ಅಪ್ಪ ಕೈ ಮುಗಿದರು. ಅವರ ಫೋಲ್ಡರನ್ನು ತೆರೆಯಹೋದರೆ, ತೆರೆಯಲು ಅನುಮತಿ ಇಲ್ಲ ಎಂಬ ಸಂದೇಶ ಬಂತು. ಅಪ್ಪ ಪರದೆಯನ್ನೇ ನೋಡಿ, "ನನ್ನ ಮನೆತನ ನೋಡಲು ನಾನು ಯಾರ ಅನುಮತಿ ಪಡೆಯಬೇಕು? ಅರ್ಜಿ ಬರೆಯಬೇಕೆ?" ಎಂದರು. ಇಡೀ ಜೀವನ ತಾಲ್ಲೂಕು ಕಚೇರಿಯ ಕಿಟಕಿಯ ಆ ಕಡೆ ಕುಳಿತವರು, ಈ ಕಡೆ ನಿಂತದ್ದು ಅದೇ ಮೊದಲು. ಹಳೆಯ ವಿಂಡೋಸ್ ಮಾಲೀಕನನ್ನು ಗುರುತಿಟ್ಟುಕೊಳ್ಳುವುದು ಹೆಸರಿನಿಂದಲ್ಲ, ತಾನು ಕೊಟ್ಟ ಒಂದು ಉದ್ದನೆಯ ಸಂಖ್ಯೆಯಿಂದ. ಹೊಸ ಯಂತ್ರದಲ್ಲಿ ಅದೇ ಹೆಸರಿಟ್ಟುಕೊಂಡು ಹೋದರೂ ಅದಕ್ಕೆ ನಾವು ಅಪರಿಚಿತರೇ. 'ಮುಂದುವರಿಸಿ' ಎಂಬುದನ್ನು ಒತ್ತಿದೆ. ಅಷ್ಟಕ್ಕೇ ಬಿಟ್ಟಿತು. ಅರ್ಜಿಯೂ ಬೇಡವಾಯಿತು, ಮೇಜಿನ ಕೆಳಗಿನ ವ್ಯವಹಾರವೂ.

ಕಡತ ತೆರೆದೆವು. ಪರದೆಯ ತುಂಬ ಟೊಪ್ಪಿ ಹಾಕಿದ ಇಂಗ್ಲಿಷ್ ಅಕ್ಷರಗಳು. ತಲೆಯ ಮೇಲೆ ಚುಕ್ಕೆ, ಗೆರೆ, ಬಾಲ. "ಇದು ಯಾವ ದೇಶದ ಭಾಷೆ?" ಎಂದರು ಅಪ್ಪ. "ಅಪ್ಪ, ಇದು ನಿಮ್ಮ ಮುತ್ತಾತನ ಹೆಸರು." ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಬಾಡಿಗೆಗೆ ಇದ್ದವು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಬಾಡಿಗೆದಾರರು ಮಾಯವಾಗಿ ಮೂಲ ಮಾಲೀಕರೇ ಕಾಣಿಸುತ್ತಾರೆ. ಹಾರ್ಡ್ ಡಿಸ್ಕು ಬದುಕಿತ್ತು, ಲಿಪಿ ಸತ್ತಿತ್ತು.

ಅದಕ್ಕೂ ದಾರಿಯಿತ್ತು. ಹಳೆಯ ನುಡಿಯ ಬರಹವನ್ನು ಯುನಿಕೋಡಿಗೆ, ಅಂದರೆ ಕನ್ನಡಕ್ಕೆ ಸ್ವಂತ ಜಾಗ ಕೊಟ್ಟಿರುವ ಈಗಿನ ವ್ಯವಸ್ಥೆಗೆ, ತಿರುಗಿಸುವ ಪರಿವರ್ತಕಗಳಿವೆ. ಹಾಕಿದೆ, ಕನ್ನಡ ಮೂಡಿತು. ನಮ್ಮ ಮನೆತನದಲ್ಲಿ ಗಂಡಸರಿಗೆ ಯಾವ ದೇವರ ಹೆಸರಿಟ್ಟರೂ ಕೊನೆಗೊಂದು 'ಮೂರ್ತಿ' ಇರಲೇಬೇಕು. ಆ ಹೆಸರುಗಳನ್ನು ಹುಡುಕಲು 'ಮೂರ್ತಿ' ಎಂದು ಕೊಟ್ಟರೆ, 212 ಪುಟಗಳಲ್ಲಿ ಒಬ್ಬನೂ ಇಲ್ಲ ಎಂದಿತು ಕಂಪ್ಯೂಟರು. ಕಣ್ಣಿಟ್ಟು ನೋಡಿದೆ. ಎಲ್ಲರೂ ಇದ್ದರು, 'ಮೂತಿ೯' ಎಂದು. ಅಪ್ಪನಿಗೆ ಅರ್ಕಾವೊತ್ತಿನ ಕೀಲಿ ಸಿಕ್ಕಿರಲಿಲ್ಲ. ಅದರಂತೆಯೇ ಕಾಣುವ ಕನ್ನಡದ ಒಂಬತ್ತು ಸಿಕ್ಕಿತ್ತು. ನಾಲ್ಕು ವರ್ಷ ಅದನ್ನೇ ಒತ್ತಿದ್ದರು.

ನಾನು ಜಾಣ. ಎಲ್ಲ ೯ ತೆಗೆದು 'ರ್' ಹಾಕು ಎಂದು ಒಂದೇ ಏಟಿಗೆ ಆಜ್ಞೆ ಕೊಟ್ಟು, ಉಳಿಸಿ, ಹೆಮ್ಮೆಯಿಂದ ಅಪ್ಪನನ್ನು ಕರೆದೆ. ಮೂತಿಯ ಮುಂದೆ ನಿಂತಿದ್ದ ಒಂಬತ್ತೇನೋ ಹೋಗಿತ್ತು, 'ಮೂತಿರ್' ಬಂದಿತ್ತು. ಜೊತೆಗೆ ಅಪ್ಪ ಇಸವಿಗಳನ್ನೂ ಕನ್ನಡ ಅಂಕಿಯಲ್ಲೇ ಬರೆದಿದ್ದರು. ತಾತನ ಮದುವೆಯಾದ ೧೯೨೯ 'ಒಂದು-ರ್-ಎರಡು-ರ್' ಆಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಒಂಬತ್ತಿಲ್ಲದ ಇಸವಿ ಎಷ್ಟಿವೆ ಎಂದು ಲೆಕ್ಕ ಹಾಕಿದೆ, 2000 ಒಂದೇ. ಆ ವರ್ಷ ನಮ್ಮ ಮನೆಯಲ್ಲಿ ಯಾವ ದಾವೆಯೂ ನಡೆದಿಲ್ಲ.

ಮೂಲ ಪ್ರತಿ ಇನ್ನೂ ಆ ಹಳೆಯ ಡಿಸ್ಕಿನಲ್ಲಿತ್ತು, ಅದೇ ಪುಣ್ಯ. ಮತ್ತೆ ಗುಂಯ್ ಎನ್ನಿಸಿ ನಕಲು ತೆಗೆದೆ. ಈಗ ದಿನಕ್ಕೆ ಎರಡು ಪುಟದಂತೆ ಒಬ್ಬೊಬ್ಬರಿಗೇ ಅರ್ಕಾವೊತ್ತು ಹಚ್ಚುತ್ತಿದ್ದೇನೆ. ನಿನ್ನೆ ಅಮ್ಮ ಹಿಂದೆ ನಿಂತು ಕನ್ನಡಕ ಏರಿಸಿ ಪರದೆ ಓದಿದರು. ನಂತರ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿರುವ ಅಪ್ಪನ ಕಡೆಯ ಹಿರಿಯರ ಫೋಟೋಗಳನ್ನು ಒಂದೊಂದಾಗಿ ನೋಡಿ, "ಅದನ್ನೇಕೆ ತಿದ್ದುತ್ತೀಯೋ, ಸರಿಯಾಗಿಯೇ ಇದೆಯಲ್ಲ" ಎಂದರು.