ಗ್ರಾಂಟ್ ಹೊಡೆಯೋಕೆ ಇಟ್ಟ ಹೆಸರಂತೆ!

ನಾಲ್ಕು ದಿನ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಮನೆಯಲ್ಲಿ ಬಾಯಿ ಬಿಟ್ಟರೆ ಹೆಂಡತಿ "ನಿಮಗೆ ನನ್ನ ತಮ್ಮನ್ನ ಕಂಡ್ರೆ ಆಗಲ್ಲ" ಅನ್ನುತ್ತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಭಾವಮೈದುನ ಬೆಂಗಳೂರಿನಿಂದ ಬಂದಿದ್ದಾನೆ ಅಂತ ಮೆಲ್ಬರ್ನ್‌ನಿಂದ ಬ್ರಿಸ್ಬೇನ್‌ಗೆ ಕಾರಲ್ಲೇ ಹೊರಟೆವು. ನನ್ನದೇ ಹಟ, ಒಪ್ಪಿಕೊಳ್ಳುತ್ತೇನೆ. ಕೊಯ್ಲು ಮುಗಿದ ಗೋಧಿ ಹೊಲ, ಸೈಲೋ, ಮತ್ತೆ ಹೊಲ. ಮಧ್ಯೆ ವೆಸ್ಟ್ ವೈಯಲಾಂಗ್ ಅಂತ ಒಂದು ಊರು. ಚಿನ್ನ ಸಿಕ್ಕಿತು ಅಂತ 1890ರ ದಶಕದಲ್ಲಿ ಎದ್ದ ಊರದು. ಎತ್ತಿನ ಗಾಡಿಗಳು ಮರಗಳನ್ನು ಬಳಸಿಕೊಂಡು ಹೋದ ಜಾಡೇ ಮೇನ್ ರೋಡ್ ಆಯಿತಂತೆ, ಇವತ್ತಿಗೂ ಸೊಟ್ಟಗೇ ಇದೆ. ಅಲ್ಲಿ ಕಾರು ನಿಲ್ಲಿಸಿ, ನೊಣ ಓಡಿಸುತ್ತಾ ಪುಳಿಯೋಗರೆ ತಿಂದು, ಕಾಲಾಡಿಸೋಣ ಅಂತ ಹೊರಟಾಗ ಕಂಡಿದ್ದು ಈ ಹೆಸರು: ಸೇಂಟ್ ಮೇರೀಸ್ ವಾರ್ ಮೆಮೋರಿಯಲ್ ಸ್ಕೂಲ್.

ಭಾವಮೈದುನ ನಕ್ಕುಬಿಟ್ಟ. "ಕಾನ್ವೆಂಟ್‌ಗೂ ವಾರ್‌ಗೂ ಏನ್ ಭಾವ ಸಂಬಂಧ? ಗ್ರಾಂಟ್ ಹೊಡೆಯೋಕೆ ಇಟ್ಟಿರೋ ಹೆಸರು ಅಷ್ಟೇ."

ಗ್ರಾಂಟ್! ಯಾವ ಗ್ರಾಂಟಪ್ಪಾ?

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 1872ರ ಕಾಯಿದೆ ಬಂತು: ಶಿಕ್ಷಣ ಉಚಿತ, ಕಡ್ಡಾಯ, ಧರ್ಮದ ಪಾಠ ಇಲ್ಲ. ಅದರ ಜೊತೆಗೆ ಚರ್ಚ್ ಶಾಲೆಗಳಿಗೆ ಕೊಡುತ್ತಿದ್ದ ದುಡ್ಡೂ ನಿಂತಿತು. ಈ ವೆಸ್ಟ್ ವೈಯಲಾಂಗ್ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ 1882ರ ಕೊನೆಗೆ ನಿಂತಿತು. ಅಲ್ಲಿಂದ 1960ರ ದಶಕದವರೆಗೆ, ಹೆಚ್ಚುಕಡಿಮೆ 80 ವರ್ಷ, ಕ್ಯಾಥೊಲಿಕ್ ಶಾಲೆ ಅಂದರೆ ಊರಿನವರ ಜೇಬು ಮತ್ತು ನನ್‌ಗಳ ದುಡಿಮೆ. ಬೇರೆಯವರ ಹಾಗೆ ತೆರಿಗೆಯನ್ನೂ ಕಟ್ಟಿ, ಆಮೇಲೆ ತಮ್ಮ ಶಾಲೆಗೂ ಸುರಿಯಬೇಕು. ಕೇಕ್ ಮಾರಿದರು, ಲಾಟರಿ ಚೀಟಿ ಹಂಚಿದರು, ಕೋಳಿ ಬಹುಮಾನ ಇಟ್ಟರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿ, ಮಾಲ್ಟಾ, ಪೋಲೆಂಡ್ ಕಡೆಯಿಂದ ವಲಸೆ ಬಂದವರ ಮಕ್ಕಳೂ ಸೇರಿಕೊಂಡರು. ಒಂದೊಂದು ಕ್ಲಾಸಿನಲ್ಲಿ 60 ಮಕ್ಕಳು, ಕೆಲವು ಕಡೆ ಇನ್ನೂ ಜಾಸ್ತಿ, ಮುಂದೆ ಒಬ್ಬರೇ ಸಿಸ್ಟರ್. ಹೊಡೆಯೋಕೆ ಗ್ರಾಂಟ್ ಎಲ್ಲಿತ್ತು?

ಗೋಲ್ಬರ್ನ್ ಕಥೆ ಅವನಿಗೆ ಹೇಳಿದೆ, ಫೋನ್ ನೋಡುತ್ತಾ "ಹೂಂ" ಅಂದ. ನೀವಾದರೂ ಕೇಳಿ. 1962. ಗೋಲ್ಬರ್ನ್ ಊರಿನ ಕ್ಯಾಥೊಲಿಕ್ ಪ್ರೈಮರಿ ಶಾಲೆಯೊಂದಕ್ಕೆ ಇನ್ನೂ ಮೂರು ಟಾಯ್ಲೆಟ್ ಕಟ್ಟಿಸಿ ಅಂತ ಸರ್ಕಾರದಿಂದ ಹುಕುಂ ಬಂತು. ಮೂರೇ ಮೂರು! ಕಟ್ಟಿಸೋಕೆ ದುಡ್ಡಿಲ್ಲ, ಸರ್ಕಾರ ಕೊಡಲ್ಲ. ಸರಿ, ಊರಿನ ಅಷ್ಟೂ ಕ್ಯಾಥೊಲಿಕ್ ಶಾಲೆಗಳಿಗೆ ಬೀಗ ಹಾಕಿ, ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿ ಅಂತ ಅಪ್ಪ ಅಮ್ಮಂದಿರಿಗೆ ಹೇಳಿಬಿಟ್ಟರು. ಜುಲೈ ಚಳಿಯಲ್ಲಿ ಸುಮಾರು 2,000 ಮಕ್ಕಳ ವಿಷಯ. 640 ಮಕ್ಕಳಿಗೆ ಸೀಟು ಸಿಕ್ಕಿತು, ಉಳಿದವರಿಗೆ ಜಾಗವೇ ಇಲ್ಲ. ಒಂದು ವಾರಕ್ಕೆ ಮುಷ್ಕರ ಮುಗಿಯಿತು, ಆದರೆ ದೇಶಕ್ಕೆಲ್ಲ ಲೆಕ್ಕ ಅರ್ಥವಾಗಿತ್ತು. ಮರುವರ್ಷದ ಚುನಾವಣೆಯಲ್ಲಿ ಪ್ರಧಾನಿ ಮೆಂಜಿಸ್ ಖಾಸಗಿ ಶಾಲೆಗಳಿಗೂ ಸೈನ್ಸ್ ಲ್ಯಾಬ್‌ಗೆ ದುಡ್ಡು ಕೊಡುತ್ತೇನೆ ಅಂದರು. ಗ್ರಾಂಟ್ ಶುರುವಾಗಿದ್ದು ಹೀಗೆ. ಯುದ್ಧದಿಂದಲ್ಲ ಗುರು, ಕಕ್ಕಸಿನಿಂದ!

ಇನ್ನು "ವಾರ್‌ಗೂ ಏನು ಸಂಬಂಧ" ಅನ್ನುವ ಮಾತು. ಅಲ್ಲೇ ನನಗೆ ನಿಜವಾಗಿ ಉರಿದದ್ದು. ಮೊದಲನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದಿಂದ ಹೋದ ಸೈನಿಕರೆಲ್ಲ ತಾವಾಗಿಯೇ ಹೆಸರು ಕೊಟ್ಟವರು. ಒಟ್ಟು 50 ಲಕ್ಷವೂ ಇಲ್ಲದ ಜನಸಂಖ್ಯೆ, ಸತ್ತವರು ಸುಮಾರು 60,000. ಎಲ್ಲರನ್ನೂ ಕಡ್ಡಾಯವಾಗಿ ಕಳಿಸಬೇಕಾ ಅಂತ 1916ರಲ್ಲಿ, ಮತ್ತೆ 1917ರಲ್ಲಿ ಜನರನ್ನು ಕೇಳಿದರು. ಎರಡೂ ಸಲ ಜನ ಬೇಡ ಅಂದರು. ಬೇಡ ಅಂತ ಜೋರಾಗಿ ಹೇಳಿದವರಲ್ಲಿ ಮೆಲ್ಬರ್ನ್‌ನ ಕ್ಯಾಥೊಲಿಕ್ ಆರ್ಚ್‌ಬಿಷಪ್ ಡ್ಯಾನಿಯಲ್ ಮ್ಯಾನಿಕ್ಸ್ ಮುಂದಿದ್ದರು. ಆಗ ಬ್ರಿಟಿಷರ ವಿರುದ್ಧ ದಂಗೆ ಎದ್ದಿದ್ದ ಐರ್ಲೆಂಡಿನವರು ಬೇರೆ. ಅಷ್ಟು ಸಾಕಾಯಿತು, ಕ್ಯಾಥೊಲಿಕ್‌ಗಳೆಲ್ಲ ದೇಶದ್ರೋಹಿಗಳು ಅನ್ನುವ ಮಾತು ಹುಟ್ಟಿತು. ಅವರ ಮನೆ ಹುಡುಗರೂ ಅದೇ ಕಂದಕಗಳಲ್ಲಿ ಸತ್ತಿದ್ದು ಯಾರಿಗೂ ಕಾಣಲಿಲ್ಲ. (ಯಾರು ದೇಶಭಕ್ತ ಅಂತ ಪಕ್ಕದ ಮನೆಯವರು ತೀರ್ಮಾನ ಮಾಡೋದು ಹೊಸದೇನಲ್ಲ ನೋಡಿ.) ಮ್ಯಾನಿಕ್ಸ್ ಸುಮ್ನೆ ಇರಲಿಲ್ಲ. 1920ರಲ್ಲಿ ಐರಿಶ್ ಜನರ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆಯಲ್ಲಿ, ಬ್ರಿಟಿಷ್ ಸಾಮ್ರಾಜ್ಯದ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಗೆದ್ದ 14 ಜನರನ್ನು ಬಿಳಿ ಕುದುರೆಗಳ ಮೇಲೆ ಕೂರಿಸಿ ಮೆಲ್ಬರ್ನ್ ಬೀದಿಯಲ್ಲಿ ಕರೆದುಕೊಂಡು ಹೋದರು. ಈಗ ಹೇಳಿ ನೋಡೋಣ ಅನ್ನುವ ಹಾಗೆ.

ಇದೆಲ್ಲ ಗೊತ್ತಿದ್ದರೆ, ಒಂದು ಕ್ಯಾಥೊಲಿಕ್ ಶಾಲೆಯ ಬೋರ್ಡಿನಲ್ಲಿ 'ವಾರ್ ಮೆಮೋರಿಯಲ್' ಅಂತ ಓದಿದಾಗ ನಗು ಬರಲ್ಲ. ಎಷ್ಟು ಅವಮಾನ ನುಂಗಿದ ಜನ ಇವರು ಅನಿಸುತ್ತದೆ, ನನಗಂತೂ.

"ಪುಟ್ಟ ಮಕ್ಕಳ ತಲೆಗೆ ಯುದ್ಧ ಯಾಕೆ ತುಂಬಬೇಕು, ಒಂದು ಕಲ್ಲು ನೆಟ್ಟರೆ ಸಾಲದಾ" ಅಂತ ಆಮೇಲೆ ಹೊಸ ರಾಗ ತೆಗೆದ. ಮೊದಲ ಅರ್ಧ ಒಪ್ಪಬಹುದಾದ ಮಾತೇ. ಆದರೆ ಇಲ್ಲಿ ಕಲ್ಲು ನೆಟ್ಟ ಎಷ್ಟೋ ಪಾರ್ಕುಗಳಲ್ಲಿ ಪಕ್ಕಕ್ಕೊಂದು ಫಿರಂಗಿಯನ್ನೂ ಇಟ್ಟಿರುತ್ತಾರೆ, ಅದರ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆದವನು ಇವನೇ. ಯುದ್ಧ ತುಂಬೋದು ಫಿರಂಗಿಯೋ, ಮಗ್ಗಿ ಹೇಳಿಕೊಡುವ ರೂಮೋ? ಈ ದೇಶದಲ್ಲಿ ಎರಡನೇ ಯುದ್ಧದ ನೆನಪಿಗೆ ಈಜುಕೊಳ ಕಟ್ಟಿದ್ದಾರೆ, ಆಸ್ಪತ್ರೆ, ಲೈಬ್ರರಿ ಕಟ್ಟಿದ್ದಾರೆ. ಫ್ರಾನ್ಸಿನ ವಿಲೇರ್ ಬ್ರೆತೊನೋ ಅನ್ನುವ ಊರಿನ ಪ್ರೈಮರಿ ಶಾಲೆ ಗೊತ್ತಾ? 1918ರ ಏಪ್ರಿಲ್‌ನಲ್ಲಿ ಆ ಊರನ್ನು ಜರ್ಮನ್ನರಿಂದ ಬಿಡಿಸಿಕೊಂಡವರು ಆಸ್ಟ್ರೇಲಿಯಾದವರು. ಶಾಲೆ ಮತ್ತೆ ಕಟ್ಟೋಕೆ ನಮ್ಮ ವಿಕ್ಟೋರಿಯಾದ ಶಾಲಾ ಮಕ್ಕಳು ಪೆನ್ನಿ ಪೆನ್ನಿ ಕೂಡಿಸಿ ಕಳಿಸಿದರು, 1927ರಲ್ಲಿ ಬಾಗಿಲು ತೆರೆಯಿತು. ಆಸ್ಟ್ರೇಲಿಯಾವನ್ನು ಮರೆಯಬೇಡಿ ಅಂತ ಇವತ್ತಿಗೂ ಆ ಆಟದ ಅಂಗಳದಲ್ಲಿ ದೊಡ್ಡ ಅಕ್ಷರದಲ್ಲಿದೆ. ಅದು ಸರ್ಕಾರಿ ಶಾಲೆ, ಕಾನ್ವೆಂಟ್ ಅಲ್ಲ, ಗ್ರಾಂಟ್ ಅನುಮಾನದವರು ನೆಮ್ಮದಿಯಾಗಿರಬಹುದು.

ಕಲ್ಲಿನ ಬಗ್ಗೆ ಇಷ್ಟು ಜೋರಾಗಿ ಮಾತಾಡುವ ನಾನು ಏನು ಸಾಚಾ ಅಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಕುದುರೆ ಪಡೆಯ ಸ್ಮಾರಕ ಇದೆ. ಈಗಿನ ಇಸ್ರೇಲಿನ ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ಕುದುರೆ ಮೇಲೆ ನುಗ್ಗಿದವರು ಅವರು. ನಾಲ್ಕು ವರ್ಷ ಬಸ್ಸಿನ ಕಿಟಕಿಯಿಂದ ಆ ಕಂಬ ನೋಡಿದ್ದೇನೆ, ಒಂದು ದಿನವೂ ಇಳಿದು ಓದಲಿಲ್ಲ.

ಇಷ್ಟೂ ಭಾಷಣವನ್ನು ಡಬ್ಬೊ ಅನ್ನುವ ಊರು ಬರುವವರೆಗೆ ಕಾರಲ್ಲಿ ಮಾಡಿದೆ. ಹೆಂಡತಿ ಹಾಡಿನ ಸೌಂಡ್ ಜಾಸ್ತಿ ಮಾಡಿದಳು. ಆಗ ಹಿಂದಿನ ಸೀಟಿನಿಂದ ಮಗಳು, "ಅಪ್ಪಾ, ನಮ್ಮ ಸ್ಕೂಲಲ್ಲೂ ಇದೆಯಲ್ಲ, ಆಫೀಸ್ ಪಕ್ಕದಲ್ಲಿ" ಅಂದಳು. ಅವಳೂ ಚರ್ಚಿನ ಶಾಲೆಗೇ ಹೋಗೋದು. ಮನೆಗೆ ಹತ್ತಿರ ಅಂತ ಸೇರಿಸಿದ್ದು, ಜೊತೆಗೆ 'ಕಾನ್ವೆಂಟ್' ಅನ್ನೋ ನಮ್ಮ ಕಡೆಯ ಹುಚ್ಚು. ಏನಿದೆ ಅಂದೆ. ಹಿತ್ತಾಳೆ ಫಲಕವಂತೆ. ನಾನು ಮೂರು ವರ್ಷದಿಂದ ದಿನಾ ಒದ್ದೆ ಛತ್ರಿ ಒರಗಿಸುವ ಗೋಡೆ ಅದು!

"ಅದರಲ್ಲಿ ಒಂದೇ ಸರ್‌ನೇಮ್ ಮೂರು ಸಲ ಇದೆ ಮಾಮ" ಅಂತ ಅವಳು ಭಾವಮೈದುನನಿಗೆ ಹೇಳಿದಳು. ಆಸಾಮಿ ಫೋನ್ ಕೆಳಗಿಟ್ಟ. "ಅಣ್ಣತಮ್ಮಂದಿರಾ?" ಅಂತ ನನ್ನನ್ನು ಕೇಳಿದ.

ನನಗೇನು ಗೊತ್ತು. ಸೋಮವಾರ ಶಾಲೆ ಶುರು, ಛತ್ರಿ ಪಕ್ಕಕ್ಕಿಟ್ಟು ನೋಡಬೇಕು.