ಗೋಲಿನ ಹಿಂದೆ 36 ಮೀಟರ್

ಕಾಸರಗೋಡಿನ ಯಾವ ಊರಲ್ಲಾದರೂ ಮೈದಾನ ಅಭಿವೃದ್ಧಿಯ ಮಾತು ಎದ್ದರೆ ಮೊದಲು ಬರುವ ಬೇಡಿಕೆ ಒಂದೇ: ಸುತ್ತಲೂ 400 ಮೀಟರಿನ ಟ್ರ್ಯಾಕ್, ನಡುವೆ ಫುಟ್‌ಬಾಲ್. ಕೇಳಲು ಚೆನ್ನಾಗಿಯೇ ಇದೆ. ಆದರೆ ಫುಟ್‌ಬಾಲ್ ನೋಡಲು ಬರುವವರ ಪಾಲಿಗೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ. ಬೇಕಿದ್ದರೆ ಲೆಕ್ಕ ಹಾಕಿ ನೋಡಿ.

ಅಂಥ ಟ್ರ್ಯಾಕಿನ ಒಳಗೆ ಸಿಗುವ ಜಾಗ ಉದ್ದಕ್ಕೆ ಸುಮಾರು 157 ಮೀಟರ್, ಅಗಲಕ್ಕೆ 73. ಅದರೊಳಗೆ 105ಕ್ಕೆ 68ರ ಫುಟ್‌ಬಾಲ್ ಅಂಕಣ ಇಟ್ಟರೆ ಪ್ರತಿ ಗೋಲಿನ ಹಿಂದೆ 26 ಮೀಟರ್ ಖಾಲಿ ಉಳಿಯುತ್ತದೆ. ಅದರಾಚೆಗೆ ಎಂಟು ಲೇನು, ತಲಾ 1.22 ಮೀಟರ್. ಅಂದರೆ ಗೋಲಿನ ಹಿಂದೆ ಕೂತವನಿಗೂ ಗೋಲಿಗೂ ನಡುವೆ 36 ಮೀಟರ್. ಪೆನಾಲ್ಟಿ ಚುಕ್ಕಿ ಇನ್ನೂ 11 ಮೀಟರ್ ಆಚೆ. ಒದೆಯಲು ಬಂದವನ ಮುಖದಲ್ಲಿ ಧೈರ್ಯ ಇದೆಯೋ ಹೆದರಿಕೆ ಇದೆಯೋ, 47 ಮೀಟರ್ ದೂರದಿಂದ ಏನು ಗೊತ್ತಾಗುತ್ತದೆ? ಕೊಚ್ಚಿಯ ಜವಾಹರಲಾಲ್ ನೆಹರೂ ಸ್ಟೇಡಿಯಮ್ಮಿನಲ್ಲಿ ಟ್ರ್ಯಾಕ್ ಬದಲು ಕ್ರಿಕೆಟ್ಟಿಗೂ ಆಗಬೇಕೆಂಬ ಹಂಚಿಕೆ, ಫಲ ಅದೇ. ನಮ್ಮ ತೃಕ್ಕರಿಪುರದ ಮುಹಮ್ಮದ್ ರಫಿ 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲಿನಲ್ಲಿ ತಲೆಯಿಂದ ಗೋಲು ಹೊಡೆದದ್ದು ಅಲ್ಲೇ. ಕಿವಿ ಒಡೆಯುವ ಸದ್ದಿತ್ತು, ನಿಜ. ಆದರೆ ಆ ಸದ್ದಿಗೂ ಹುಲ್ಲಿಗೂ ನಡುವಿನ ಬಯಲು ಬಯಲಾಗಿಯೇ ಇತ್ತು.

ಈಗ ಉಪ್ಪಳದಲ್ಲೋ ಪಡನ್ನದಲ್ಲೋ ರಾತ್ರಿ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನರ ಫುಟ್‌ಬಾಲ್, ನಡೆಯುವ ಕಡೆಗೆ ಬನ್ನಿ. ಗೆರೆಯಿಂದ ಮೊದಲ ಸಾಲಿಗೆ ಎರಡು ಮೀಟರ್ ಇದ್ದರೆ ಹೆಚ್ಚು. ಥ್ರೋ ಹಾಕಲು ಬಂದವನ ಏದುಸಿರು ಕೇಳುತ್ತದೆ, ಅವನ ಮೊಣಕಾಲಿಗೆ ಮೆತ್ತಿದ ಕೆಮ್ಮಣ್ಣು ಕಾಣುತ್ತದೆ, ಬೂಟಿಗೆ ಬೂಟು ತಾಗಿದ ಸದ್ದು ಎದೆಗೇ ಬಡಿಯುತ್ತದೆ. ಮೈಕಿನಲ್ಲಿ ಮಲಯಾಳ, ಗ್ಯಾಲರಿಯಲ್ಲಿ ತುಳು, ಬ್ಯಾರಿ, ಕನ್ನಡ ಎಲ್ಲವೂ. ಆಟಗಾರನ ಕಿವಿಗೆ ಒಂದೊಂದು ಮಾತೂ ಬೀಳುತ್ತದೆ.

ಸಣ್ಣ ಮೈದಾನದ ಗುಣ ಹುಟ್ಟುವುದು ಜಾಗದ ಇಕ್ಕಟ್ಟಿನಿಂದ. ಇಂಗ್ಲೆಂಡಿನ ಲೂಟನ್ ತಂಡದ ಕೆನಿಲ್ವರ್ತ್ ರೋಡ್ ಮೈದಾನದಲ್ಲಿ ಎದುರಾಳಿ ತಂಡದ ಬೆಂಬಲಿಗರು ಸಾಲುಮನೆಗಳ ನಡುವಿನ ಬಾಗಿಲಿನಿಂದಲೇ ಒಳಗೆ ಹೋಗಬೇಕು. 2023ರಲ್ಲಿ ಪ್ರೀಮಿಯರ್ ಲೀಗಿಗೆ ಏರಿದಾಗಲೂ ಆ ಬಾಗಿಲು ಹಾಗೇ ಇತ್ತು. ಸ್ಕಾಟ್ಲೆಂಡಿನ ಬ್ರೆಕಿನ್ ಸಿಟಿಯ ಅಂಕಣದ ಒಂದು ಬದಿಗೆ ಗೋಡೆಯೇ ಇಲ್ಲ, ಬೀಚ್ ಗಿಡದ ಉದ್ದನೆ ಬೇಲಿ ಇದೆ. ಯಾರೂ ನಕ್ಷೆಯಲ್ಲಿ ಅಂದ ನೋಡಿ ಇವನ್ನು ಬರೆದವರಲ್ಲ.

ನಮ್ಮಲ್ಲಿ ಆ ಇಕ್ಕಟ್ಟು ಗದ್ದೆಯದು. ಕೊಯ್ಲಾದ ಮೇಲೆ ಮುಂದಿನ ಬೆಳೆ ಹಾಕದೆ ಬಿಟ್ಟ ಗದ್ದೆ. ಎರಡು ಗದ್ದೆ ಸೇರಿಸಬೇಕಾದರೆ ನಡುವಿನ ಹುಣಿ ಕಡಿಯಬೇಕು, ಆದರೆ ಎರಡರ ಮಟ್ಟ ಒಂದೇ ಇರುವುದಿಲ್ಲ. ಎಷ್ಟು ಮಣ್ಣು ಎಳೆದರೂ ಒಂದು ಮಗ್ಗುಲು ಅರ್ಧ ಅಡಿ ತಗ್ಗು ಉಳಿದೇ ಉಳಿಯುತ್ತದೆ. ಊರಿನ ತಂಡಕ್ಕೆ ಅದು ಗೊತ್ತು, ಹೊರಗಿನವರಿಗೆ ಹದಿನೈದು ನಿಮಿಷ ಆದ ಮೇಲೆ ಗೊತ್ತಾಗುತ್ತದೆ. ಕೂಳೆಯನ್ನು ಬುಡಕ್ಕೇ ಕೆತ್ತಿ, ಹಿಂದಿನ ದಿನ ಸಂಜೆ ನೀರು ಬಿಟ್ಟು, ಹಿಡಿ ಮಣ್ಣು ಉಂಡೆ ಕಟ್ಟಿ ಅಂಗೈಗೆ ಅಂಟದ ಹದದಲ್ಲಿ ರೋಲರ್ ಎಳೆಯಬೇಕು. ಆಟಕ್ಕೆ ಒಂದು ಗಂಟೆ ಮುಂಚೆ ನೀರು ಚೆಲ್ಲಿದರೆ ಮೇಲಿನ ಪದರ ಮಾತ್ರ ನೆನೆದು ಜಾರುತ್ತದೆ. ತಿರುಗುವವನ ಮೊಣಕಾಲು ಹೋಗುವುದು ಹಾಗೆಯೇ. ಗೆರೆ ಎಳೆಯಲು ಸುಣ್ಣದ ಪುಡಿ ಬೇಡ. ಬೆವರು ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಅಪಾಯ. ಚಾಕ್ ಪುಡಿ ಸಾಕು.

ಹಳತೆಂಬ ಕಾರಣಕ್ಕೆ ಎಲ್ಲವನ್ನೂ ಹಾಗೇ ಉಳಿಸಿ ಎನ್ನುವ ವಾದ ನನ್ನದಲ್ಲ. 1985ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಫುಟ್‌ಬಾಲ್ ಮೈದಾನದ ಮರದ ಸ್ಟ್ಯಾಂಡಿಗೆ ಬೆಂಕಿ ಹಿಡಿದು 56 ಮಂದಿ ಸತ್ತರು. ಆಸನಗಳ ಅಡಿಯಲ್ಲಿ ವರ್ಷಗಟ್ಟಲೆ ಕಸ ಶೇಖರವಾಗಿತ್ತು. ನಮ್ಮ ಅಡಿಕೆ ಮರದ ಗ್ಯಾಲರಿಯ ಕೆಳಗೊಮ್ಮೆ ಬಗ್ಗಿ ನೋಡಿ: ಒಣ ಮಡಲು, ಕಡಲೆ ಪೊಟ್ಟಣ, ಬೀಡಿ ತುಂಡು. 2022ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ವಂಡೂರಿನ ಹತ್ತಿರ ಸೆವೆನ್ಸ್ ನಡೆಯುತ್ತಿದ್ದಾಗಲೇ ಗ್ಯಾಲರಿ ಕುಸಿದು ಎಷ್ಟೋ ಜನ ಆಸ್ಪತ್ರೆ ಸೇರಿದರು.

ಅಡಿಕೆ ಮರದ ಬಲವೆಲ್ಲ ಹೊರಗಿನ ಪದರದಲ್ಲಿ, ಒಳಗಿರುವುದು ಮೆದು ತಿರುಳು. ಮೊಳೆ ಹೊಡೆದರೆ ನಾರಿನ ಉದ್ದಕ್ಕೆ ಸೀಳುತ್ತದೆ, ಆದ್ದರಿಂದಲೇ ಹಗ್ಗದಿಂದ ಕಟ್ಟುವುದು. ಆದರೆ ಹುರಿಹಗ್ಗ ಇಬ್ಬನಿಗೆ ಬಿಗಿದು ಬಿಸಿಲಿಗೆ ಸಡಿಲವಾಗುತ್ತದೆ. ಟೂರ್ನಿ ಹತ್ತು ದಿನ ಇದ್ದರೆ ಹತ್ತು ದಿನವೂ ಒಂದೊಂದು ಕಟ್ಟನ್ನೂ ಕೈಯಿಂದ ಎಳೆದು ನೋಡಲೇಬೇಕು. ಕಂಬದ ಬುಡ ನೇರ ಗದ್ದೆ ಮಣ್ಣಿಗೆ ಊರಿದರೆ ಒಂದು ಮಳೆಗೆ ಕುಸಿಯುತ್ತದೆ. ಅಡಿಗೆ ಅಗಲವಾದ ಹಲಗೆಯೋ ಮುರಕಲ್ಲೋ ಬೇಕು. ಎಲ್ಲಕ್ಕಿಂತ ಹೆಚ್ಚು ಮರೆಯುವುದು ಓರೆ ಕಟ್ಟು, ಅಂದರೆ ಕಂಬದಿಂದ ಕಂಬಕ್ಕೆ ಓರೆಯಾಗಿ ಕಟ್ಟುವ ಮರ. ಗೋಲು ಬಿದ್ದಾಗ ಸಾವಿರ ಜನ ಒಟ್ಟಿಗೆ ಎದ್ದರೆ ಭಾರ ಕೆಳಕ್ಕೆ ಮಾತ್ರ ಬೀಳುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ನೆಟ್ಟಗಿನ ಕಂಬ, ಅಡ್ಡ ದಬ್ಬೆ ಎಷ್ಟಿದ್ದರೂ ಓರೆ ಇಲ್ಲದ ಗ್ಯಾಲರಿ ಇಸ್ಪೀಟಿನ ಮನೆ ಹಾಗೆ ಮಗುಚುತ್ತದೆ.

ಹಾಗಾದರೆ ಪಂಚಾಯತಿನ ದುಡ್ಡು ಯಾವುದಕ್ಕೆ? ಮುರಕಲ್ಲಿನ ಮೆಟ್ಟಿಲಿಗೆ. ನಮ್ಮ ಹೆಚ್ಚಿನ ಮೈದಾನಗಳ ಒಂದು ಬದಿಗೆ ಗುಡ್ಡದ ಬರೆ ಇದ್ದೇ ಇರುತ್ತದೆ. ಅದನ್ನು ಜೆಸಿಬಿಯಿಂದ ನೆಲಸಮ ಮಾಡುವ ಬದಲು ಮೆಟ್ಟಿಲಾಗಿ ಕಡಿಯಿರಿ. ಎರಡು ವರಸೆ ಕಲ್ಲು ಇಟ್ಟರೆ ಸುಮಾರು ಹದಿನಾರು ಇಂಚು, ಕೂರಲು ಹಿತವಾದ ಎತ್ತರ. ಅಗಲ ಎರಡೂವರೆ ಅಡಿ ಬಿಟ್ಟರೆ ಹಿಂದಿನವರ ಕಾಲು ಮುಂದಿನವರ ಬೆನ್ನಿಗೆ ತಾಗದು. ಪ್ರತಿ ಮೆಟ್ಟಿಲಿಗೂ ನೀರು ಹರಿಯಲು ಸ್ವಲ್ಪ ಇಳಿಜಾರು ಕೊಟ್ಟು ಬದಿಯಲ್ಲಿ ಚರಂಡಿ ಮಾಡದಿದ್ದರೆ ಎರಡನೇ ಮಳೆಗಾಲಕ್ಕೆ ಹಿಂದಿನ ಮಣ್ಣು ಉಬ್ಬಿ ಕಲ್ಲನ್ನು ಮುಂದಕ್ಕೆ ತಳ್ಳುತ್ತದೆ.

ದೀಪದ ಕಂಬ ಗೋಲಿನ ಹಿಂದೆ ಬೇಡವೇ ಬೇಡ. ಕಾರ್ನರ್ ಬಂದಾಗ ಚೆಂಡು ಬೆಳಕಿನೊಳಗೆ ಮಾಯವಾಗುತ್ತದೆ, ಮೇಲೆ ನೋಡಿದವನಿಗೆ ಕಣ್ಣು ಕೋರೈಸುತ್ತದೆ. ಉದ್ದದ ಎರಡು ಬದಿಗೆ, ಎತ್ತರವಾಗಿ ಹಾಕಿ. ಓಡುವ ಮಕ್ಕಳಿಗೆ ಟ್ರ್ಯಾಕ್ ಬೇಕು, ಖಂಡಿತ ಬೇಕು. ಅದಕ್ಕೆ ಬೇರೆಯೇ ಜಾಗ ಹುಡುಕಿ. ಮೊದಲ ಮೆಟ್ಟಿಲು ಮಾತ್ರ ಗೆರೆಯಿಂದ ಮೂರು ಮೀಟರಿಗಿಂತ ಆಚೆ ಹೋಗದಿರಲಿ.